ಗುಡ್ಡದಾಗ ಚೆಲ್ಲಿದ ಚರಗ

ಹೋದ ಮೇ ತಿಂಗಳು ಬೇವೂರಿಂದ ಕ್ರೂಸರ್ ಗಾಡಿ ಮಾಡ್ಕೊಂಡು ಮನಿ ಮಂದಿಯೆಲ್ಲ ಚಿಕ್ಕಮಗಳೂರು ಕಡಿ ಗುಡ್ಡ ನೋಡಾಕ ಹೋಗಿದ್ವಿ. ಮಧ್ಯಾಹ್ನ ಒಂದು ತಿರುವಿನಾಗ ಉಣ್ಣಾಕ ಕುಂತ್ವಿ. ಸುತ್ತ ಮಂಜು. ಒಂದು ಹಕ್ಕಿ ಸೈತ ಕೂಗವಲ್ದು.

ನಮ್ಮವ್ವ ಹಂಪವ್ವ ರೊಟ್ಟಿ ಗಂಟು ಬಿಚ್ಚಿ, ಎದ್ದು ನಿಂತು, ಒಂದು ರೊಟ್ಟಿ ಮುರಿದು ಕಣಿವ್ಯಾಗ ಚೆಲ್ಲಿ "ಹುಲ್ಲುಲ್ಲಿಗೋ" ಅಂದ್ಲು. ಎಳ್ಳ ಅಮಾಸಿಗೆ ಹೊಲದಾಗ ಭೂಮಿತಾಯಿಗೆ ಎಡಿ ಅಂತ ಚರಗ ಚೆಲ್ಲೂವಾಗ ಕೂಗೋ ಮಾತದು. ಹಿಂದ ಬರಾವ್ರು "ಚಲ್ಲಂಬ್ರಿಗೋ" ಅನ್ನಬೇಕು. ತೀರಿಹೋಗೋತನಕ ಅದನ್ನ ನಮ್ಮಪ್ಪನ ಅಂತಿದ್ದ.

"ಯವ್ವಾ, ಇದೇನ್ ನಮ್ಮ ಹೊಲ ಏನಬೇ?" ಅಂತ ನಾನು ನಗೂದ್ರಾಗ ಕಣಿವ್ಯಾಗಿಂದ ಬಂತು: "ಚಲ್ಲಂಬ್ರಿಗೋ."

ನಮ್ಮಾವ್ರು ಯಾರೂ ಅಂದಿರಲಿಲ್ಲ. ಅಂಥಾ ಥಂಡ್ಯಾಗ ಕಾದ ಎರಿಮಣ್ಣಿನ ಝಳ ಮುಖಕ್ಕ ಹೊಡೀತು, ಬೀಡಿ ವಾಸನಿ ಬಂತು. ಅವ್ವ ಕಣಿವಿ ಕಡೆ ಹೆಜ್ಜಿ ಇಟ್ಲು. ಕೈ ಹಿಡಿದು ಜಗ್ಗಿದೆ.

"ಬಿಡೋ ಯಂಕೇಶ, ನಿಮ್ಮಪ್ಪ ಹಸದಾನ," ಅಂದ್ಲು.

ನನ್ನ ಮಗಳು ದೀಪಿಕಾ ಇದನ್ನೆಲ್ಲ ಮೊಬೈಲ್‌ನ್ಯಾಗ ವಿಡಿಯೋ ಮಾಡ್ಯಾಳ. ಅವ್ವನ್ನ ಕರಕೊಂಡು ಮನಿಗೆ ಬಂದ ಮ್ಯಾಲ ಎಷ್ಟೋ ಸಲ ನೋಡೀನಿ. ಅದರಾಗ "ಚಲ್ಲಂಬ್ರಿಗೋ" ಅನ್ನೋದು ಮೊದಲ ಕೇಳತೈತಿ. ಆಗ ಅವ್ವ ಇನ್ನೂ ಕುಂತು ರೊಟ್ಟಿ ಗಂಟು ಬಿಚ್ಚಾಕತ್ತಾಳ.