ಒದ್ದೆ ಟವೆಲ್ ಹಾಡು

"ಆ ಹಾಡು ಈಗ ಲಿಸ್ಟ್‌ನಲ್ಲಿಲ್ಲ," ಅಂಗಿಯ ಕಾಲರ್ ಮೇಲೆ ಇಸ್ತ್ರಿಪೆಟ್ಟಿಗೆ ಒತ್ತುತ್ತಾ ಅಮ್ಮ ಹೇಳಿದಳು. "ಗೀಟು ಹಾಕಿ ಆರು ವರ್ಷ ಆಯ್ತು."

"ಅಮ್ಮಾ, ಪ್ಲೀಸ್! ಇಡೀ ಕ್ಲಾಸಿಗೆ ಹೇಳ್ಬಿಟ್ಟಿದೀನಿ!" ಚೂಟಿ ಲಾಂಡ್ರಿಯ ಬಟ್ಟೆಗಂಟಿನ ಮೇಲೆ ಧೊಪ್ಪನೆ ಕುಳಿತಳು.

"ಯಾರನ್ನ ಕೇಳಿ ಹೇಳ್ದೆ?"

ಯಾರನ್ನೂ ಕೇಳಿರಲಿಲ್ಲ. ಮರುದಿನ ಸ್ಕೂಲ್ ಡೇ. ಸಿಟ್ಟನ್ನೆಲ್ಲ ಕಿರುಚಿ ಹಾಡುವ ಅಮ್ಮನ ಪಂಕ್ ಬ್ಯಾಂಡ್ ಬಂದು ಹಾಡುವುದಿತ್ತು. ಹಾಡುವುದು 'ಹೋಂವರ್ಕ್ ಸುಡು' ಎಂದು ಚೂಟಿ ಸಾರಿಬಿಟ್ಟಿದ್ದಳು.

"ಹೆಡ್‌ಮಿಸ್ ಮುಂದೆನಾ? ಬುರುಡೆ!" ಎಂದಿದ್ದಳು ಕ್ಲಾಸ್ ಮಾನಿಟರ್. "ಹಾಡ್ಲಿಲ್ಲ ಅಂದ್ರೆ ವರ್ಷಪೂರ್ತಿ ನೀನು ಬುರುಡೆ ರಾಣಿ."

ಅಮ್ಮನ ಬ್ಯಾಂಡಿಗೆ ಒಂದು ನಿಯಮವಿತ್ತು. ಸಿಟ್ಟು ಇರುವ ತನಕ ಮಾತ್ರ ಹಾಡು. ಸಿಟ್ಟು ಇಳಿದ ದಿನ, ಲಾಂಡ್ರಿ ಗೋಡೆಯ ಲಿಸ್ಟ್‌ನಲ್ಲಿ ಆ ಹಾಡಿಗೆ ಗೀಟು. ಇಪ್ಪತ್ತು ವರ್ಷಗಳ ಹಿಂದೆ ಅಮ್ಮ ಮೇಷ್ಟ್ರುಗಳ ಮೇಲೆ, ಮನೆ ಮಾಲೀಕನ ಮೇಲೆ, ಇಡೀ ಪ್ರಪಂಚದ ಮೇಲೆ ಕೆಂಡ ಕಾರುತ್ತಿದ್ದಳಂತೆ. ಆ ಹಾಡುಗಳಿಗೆಲ್ಲ ಗೀಟು ಬಿದ್ದಾಗಿತ್ತು. ಉಳಿದವು ಈಚಿನವು: 'ಸೋರುವ ನಲ್ಲಿ', 'ಮೊಣಕಾಲೇ, ನಿನಗೇನು ಧಾಡಿ', ಮತ್ತೆ 'ಒದ್ದೆ ಟವೆಲ್'.

'ಒದ್ದೆ ಟವೆಲ್' ದಿನಾ ಟವೆಲನ್ನು ಹಾಸಿಗೆ ಮೇಲೆ ಎಸೆದು ಹೋಗುವ ಒಬ್ಬಳ ಕುರಿತದ್ದು. ಅವಳು ಯಾರೆಂದು ಚೂಟಿ ಶಾಲೆಯಲ್ಲಿ ಬಾಯಿ ಬಿಟ್ಟಿರಲಿಲ್ಲ. ಸ್ನಾನ ಮಾಡುವಾಗ ತಾನು ಅದನ್ನೇ ಹಾಡಿಕೊಳ್ಳುತ್ತೇನೆ ಎಂಬುದನ್ನಂತೂ ಮನೆಯಲ್ಲೂ ಹೇಳಿರಲಿಲ್ಲ.

"ದಿನಾ 'ಹೋಂವರ್ಕ್ ಮಾಡೇ' ಅಂತ ನಾನೇ ಬಡ್ಕೋತೀನಿ," ಎಂದಳು ಅಮ್ಮ. "ಯಾವ ಮುಖ ಇಟ್ಕೊಂಡು ಅದನ್ನ ಹಾಡ್ಲಿ?"

"ಹಾಡು ಅಕ್ಕಾ," ಎಂದ ಬಾಗಿಲಲ್ಲಿ ನಿಂತಿದ್ದ ಮಾಮ. ಅವನು ಬ್ಯಾಂಡಿನ ಡ್ರಮ್ಮರ್, ಹೊಟ್ಟೆಪಾಡಿಗೆ ಪ್ಲಂಬರ್. "ಒಂದ್ಸಲ ನಿಯಮ ಮುರಿದ್ರೆ ಪೊಲೀಸ್ ಬರ್ತಾರಾ?"

ಅಮ್ಮ ಚೂಟಿಯ ಮುಖ ನೋಡಿದಳು. "ಒಂದೇ ಒಂದ್ಸಲ," ಎಂದಳು.

ಮರುದಿನ ಗಿಟಾರ್ ಹಿಡಿದು ಸ್ಟೇಜ್ ಹತ್ತಿದ ಸ್ಕೂಲ್ ವ್ಯಾನ್ ಡ್ರೈವರನ್ನು ಕಂಡು ಮಕ್ಕಳೆಲ್ಲ "ಏಯ್, ನಮ್ ವ್ಯಾನ್ ಅಂಕಲ್!" ಎಂದು ಕೂಗಿದರು. ಅಮ್ಮ ಮೈಕ್ ಹಿಡಿದಳು.

"ಹೋಂವರ್ಕ್ ಸುಡು, ಹೋಂವರ್ಕ್ ಸುಡು..."

ಅಟೆಂಡೆನ್ಸ್ ಕರೆದ ಹಾಗಿತ್ತು. ಮಾಮನ ಡ್ರಮ್ ಕೂಡ, ಮಗು ಮಲಗಿರುವ ಮನೆಯಲ್ಲಿ ಪೈಪ್ ರಿಪೇರಿ ಮಾಡಿದ ಹಾಗೆ, ಟಕ್ ಟಕ್ ಎಂದಷ್ಟೇ ಕೇಳುತ್ತಿತ್ತು. ಒಂದು ಚರಣ ಮುಗಿಯುತ್ತಲೇ ಅಮ್ಮ ಮೈಕಿನಲ್ಲೇ, "ಆದ್ರೆ ಮಕ್ಕಳೇ, ನಿಜವಾಗ್ಲೂ ಬೆಂಕಿ ಹತ್ರ ಹೋಗ್ಬೇಡಿ," ಎಂದಳು. ಹೆಡ್‌ಮಿಸ್ ಮೆಚ್ಚಿ ತಲೆಯಾಡಿಸಿದರು. ಪಂಕ್ ಹಾಡಿಗೆ ಇದಕ್ಕಿಂತ ಅವಮಾನ ಬೇರೆ ಇಲ್ಲ.

"ಸರಿ ಕಣೇ, ಹಾಡಿದ್ರು," ಮಾನಿಟರ್ ಆಕಳಿಸಿದಳು. "ನೀನು ಬುರುಡೆ ಅಲ್ಲ, ಒಪ್ಕೊಂಡೆ."

ಗೆದ್ದದ್ದಾಯಿತು. ಆದರೆ ಚೂಟಿಗೆ ಅಮ್ಮನ ಕಡೆ ನೋಡಲಾಗಲಿಲ್ಲ. ಅಮ್ಮ ಪಾಸ್‌ಪೋರ್ಟ್ ಫೋಟೋಗೆ ನಿಂತವರ ಹಾಗೆ ನಿಂತಿದ್ದಳು. ನಿಂತಿದ್ದದ್ದು ಚೂಟಿಗೋಸ್ಕರ.

ಚೂಟಿ ಬೆಂಚ್ ಹತ್ತಿದಳು. "ಅಮ್ಮಾ, ನಿಲ್ಸು! 'ಒದ್ದೆ ಟವೆಲ್' ಹಾಡು!"

ಗಿಟಾರ್ ನಿಂತಿತು. "ಅದ್ರಲ್ಲಿ ನಿನ್ ಹೆಸರು ಬರುತ್ತಲ್ಲೇ!" ಅಮ್ಮನ ಮಾತು ಮೈಕಿನಲ್ಲಿ ಇಡೀ ಹಾಲ್‌ಗೆ ಕೇಳಿಸಿತು.

"ಬರ್ಲಿ!"

"ಬೇಡ ಬಿಡು. ಈಗ ಆ ಮೂಡೂ ಇಲ್ಲ."

ಚೂಟಿ ಒಂದು ಕ್ಷಣ ಯೋಚಿಸಿದಳು. ಆಮೇಲೆ ಕಣ್ಣು ಮುಚ್ಚಿಕೊಂಡು ಕೂಗಿದಳು: "ಇವತ್ತು ಬೆಳಿಗ್ಗೇನೂ ಹಾಕಿ ಬಂದಿದೀನಿ! ನಿನ್ನ ದಿಂಬಿನ ಮೇಲೆ!"

"ಏನಂದೆ? ದಿಂಬಿನ ಮೇಲಾ?"

ಅಮ್ಮನ ಕತ್ತಿನ ನರ ಉಬ್ಬಿತು. ಅದನ್ನು ನೋಡಿದ್ದೇ ತಡ, ಮಾಮ ಕೋಲು ಎತ್ತಿದ. "ಒಂದ್, ಎರಡ್, ಮೂರ್!"

ಹಾಲ್‌ನ ಕಿಟಕಿಗಳು ಗಡಗಡ ನಡುಗಿದವು.

"ಚೂಟೀ! ಎತ್ತೇ ಟವೆಲ್! ಎತ್ತೇ ಟವೆಲ್!"

ಮುನ್ನೂರು ತಲೆಗಳು ಚೂಟಿಯತ್ತ ತಿರುಗಿದವು. "ಅಯ್ಯಯ್ಯೋ, ಅದು ನೀನಾ?" ಮಾನಿಟರ್ ಬಿದ್ದು ಬಿದ್ದು ನಕ್ಕಳು. "ನಮ್ಮನೇಲೂ ಇದೇ ಗೋಳು!" ಎಂದು ಹಿಂದಿನಿಂದ ಯಾರದೋ ಅಪ್ಪ ಕೂಗಿದರು. ಹೆಡ್‌ಮಿಸ್ ಎದ್ದು ನಿಂತು, ಎಲ್ಲರಿಗಿಂತ ಜೋರಾಗಿ "ಎತ್ತೇ ಟವೆಲ್!" ಎಂದರು.

ಚೂಟಿಯ ಕಿವಿ ಕೆಂಪಾಗಿ ಸುಡುತ್ತಿತ್ತು. ಕೆಳಗಿಳಿದು ಬೆಂಚಿನಡಿ ಅವಿತುಕೊಳ್ಳಬಹುದಿತ್ತು.

ಸ್ಟೇಜಿನ ಮೇಲೆ ಅಮ್ಮ ಕೂದಲು ಕೆದರಿಕೊಂಡು ಕಿರುಚುತ್ತಾ, ಅಷ್ಟು ಜನರ ನಡುವೆ ಅವಳನ್ನೇ ಹುಡುಕುತ್ತಿದ್ದಳು. ಚೂಟಿ ಅಮ್ಮನಿಗೆ ಕಾಣುವ ಹಾಗೆ ತುದಿಗಾಲಲ್ಲಿ ನಿಂತಳು.