ನೀಲಿ ತಂಡದ ತುಂದುಕ್

ಬೆಳಿಗ್ಗೆ ಏಳೂ ಇಪ್ಪತ್ತು. ತುಂದುಕ್ ಕಾಣೆಯಾಗಿತ್ತು.

ಉಣ್ಣೆಯ ಗುಡಾರದ ನೆತ್ತಿಯಲ್ಲಿ ಕೂರುವ ಮರದ ಬಳೆ ಅದು. ಅದಿಲ್ಲದೆ ಗುಡಾರ ನಿಲ್ಲುವುದಿಲ್ಲ. ಇಸ್ಸಿಕ್-ಕುಲ್ ಸರೋವರದ ದಕ್ಷಿಣ ದಡದ ಶಿಬಿರದಲ್ಲಿ ಎರಡು ಚಿಕ್ಕ ಗುಡಾರಗಳ ಬಿಡಿಭಾಗಗಳನ್ನು ಹಿಂದಿನ ಸಂಜೆಯೇ ಸಾಲಾಗಿ ಇಟ್ಟಿದ್ದರು. ಕೆಂಪು ತಂಡದ ಬಳೆ ಇತ್ತು. ನೀಲಿ ತಂಡದ್ದು ಇರಲಿಲ್ಲ.

ಬಿಷ್ಕೆಕ್‌ನ ಹಾಲಿನ ಕಂಪನಿಯೊಂದರ ಬೇಸಿಗೆ ಸಭೆ. ನಲವತ್ತು ನೌಕರರು, ಎರಡು ತಂಡ, ಗುಡಾರ ಕಟ್ಟುವ ಪಂದ್ಯ. ಯೋಚನೆ ಸಾಲ್ತನತ್‌ಳದು. ಆಯೋಜಕಿಯಾಗಿ ಇದು ಅವಳ ಮೊದಲ ಸ್ವಂತ ಕೆಲಸ. ಏಳು ವರ್ಷ ಈ ಸಭೆಗಳಲ್ಲಿ ಮೈಕು ಹಿಡಿದು ಬಲೂನು ಒಡೆಸುತ್ತಿದ್ದವನು ಮೆಲಿಸ್.

ನಿರ್ದೇಶಕ ಅಬ್ದಿಲ್ಡಾ ಗಡಿಯಾರ ನೋಡಿದರು. "ಹತ್ತು ಗಂಟೆವರೆಗೆ ಕಾಯ್ತೀನಮ್ಮ. ಸಿಗಲಿಲ್ಲ ಅಂದ್ರೆ ಮೆಲಿಸ್ ಶುರು ಮಾಡ್ಲಿ. ಈ ವರ್ಷದ ಉಳಿದ ನಾಲ್ಕು ಸಭೆನೂ ಅವನಿಗೇ."

ಸಾಲ್ತನತ್ ತಲೆಯಾಡಿಸಿದಳು. ನಂತರ ಬುರುಲ್‌ಳ ಕಡೆ ನೋಡಿದಳು. ಬುರುಲ್ ಜಿಲ್ಲಾ ವಾರಪತ್ರಿಕೆಯ ವರದಿಗಾರ್ತಿ. ಪಂದ್ಯದ ಬಗ್ಗೆ ಬರೆಯಲು ಬಂದಿದ್ದಳು.

"ಅಕ್ಕ, ಇದನ್ನೂ ಬರೀತೀರಾ?"

"ಮೊದಲು ಹುಡುಕೋಣ," ಎಂದಳು ಬುರುಲ್.

* * *

ಮೆಲಿಸ್ ಹುಲ್ಲಿನ ಮೇಲೆ ಕಾಲು ಚಾಚಿ ಚಹಾ ಕುಡಿಯುತ್ತಿದ್ದ. ಪಕ್ಕದಲ್ಲಿ ಎರಡು ಸ್ಪೀಕರ್.

"ನಿನ್ನನ್ನ ಯಾರು ಕರೆದ್ರು?" ಎಂದಳು ಬುರುಲ್.

"ಯಾರೂ ಇಲ್ಲ. ಎಷ್ಟೋ ಮದುವೆಗೂ ಕರೀದೇ ಹೋಗಿದ್ದೀನಕ್ಕ, ಒಬ್ರೂ ಓಡಿಸಿಲ್ಲ."

"ಬಳೆ ಕಾಣೆಯಾದ್ರೆ ಲಾಭ ನಿನಗೇ."

"ಹೌದು. ಅದಕ್ಕೇ ಬೇಜಾರಾಗ್ತಿಲ್ಲ." ನಕ್ಕು, ಬಟ್ಟಲನ್ನು ಕೆಂಪು ತಂಡದ ಬಳೆಯ ಮೇಲೆ ಇಟ್ಟ.

ಶಿಬಿರದ ಒಡತಿ ಅಪಾಲ್ ದೂರದಿಂದಲೇ ಕೂಗಿದಳು. "ಏಯ್! ಮನೆಯ ನೆತ್ತಿ ಅದು, ಮೇಜೇನೋ? ಎತ್ತೋ ಬಟ್ಟಲನ್ನ!"

"ಮರ ತಾನೆ ಅತ್ತೆ?"

"ನಿನ್ನ ತಲೆನೂ ಮರವೇ!"

ಬುರುಲ್ ಟಿಪ್ಪಣಿ ಪುಸ್ತಕದಲ್ಲಿ ಒಂದು ಸಾಲು ಬರೆದುಕೊಂಡಳು.

* * *

ಎಂಟೂವರೆಗೆ ತಿಂಡಿ. ರೊಟ್ಟಿ, ಕೆನೆ, ಏಪ್ರಿಕಾಟ್ ಜಾಮ್. ನೀಲಿ ತಂಡದ ಹಿರಿಯ ತುರ್ದಾಲಿ ಉಗ್ರಾಣದ ಮುಖ್ಯಸ್ಥರು. ಅರವತ್ತೊಂದು ವರ್ಷ. ಬೇಸಿಗೆಯ ಹುಲ್ಲುಗಾವಲುಗಳಲ್ಲಿ, ಗುಡಾರದಲ್ಲೇ ಬೆಳೆದವರು.

"ತುರ್ದಾಲಿ ಅಣ್ಣ, ಇವತ್ತು ನಿಮ್ಮ ತೋಳಿನ ಬಲ ನೋಡ್ತೀವಿ," ಎಂದ ಲಾರಿ ಚಾಲಕ ಎಮಿಲ್.

"ಮೊದಲು ಬಳೆ ಸಿಗಲಿ."

ಊಟದ ಹಾಸಿನ ಸುತ್ತ ಎಲ್ಲರೂ ಪ್ರಾರ್ಥನೆ ಹೇಳಿ ಅಂಗೈಗಳಿಂದ ಮುಖ ಸವರಿಕೊಂಡರು. ಓಮಿನ್. ತಿಂಡಿ ಮುಗಿಯಿತು.

ಬುರುಲ್ ಎದ್ದು, ಇನ್ನೂ ಯಾರೂ ಹುಡುಕಿರದ ಸಾಮಾನು ಗುಡಾರಕ್ಕೆ ಹೋದಳು. ಒಳಗೆ ಆಳೆತ್ತರಕ್ಕೆ ಮಡಚಿಟ್ಟ ರಜಾಯಿಗಳು. ಮೂಲೆಯಲ್ಲಿ, ಸೊಂಟದೆತ್ತರದ ಮರದ ಪೆಟ್ಟಿಗೆ. ಅದರ ಮೇಲೆ ಹೊಸ ಉಣ್ಣೆ ಹಾಸು. ಹಾಸಿನ ಮೇಲೆ, ಬಿಳಿ ಬಟ್ಟೆ ಸುತ್ತಿದ ಬಳೆ.

* * *

ಒಂಬತ್ತೂ ಹತ್ತು. ಬುರುಲ್ ತುರ್ದಾಲಿ ಅವರನ್ನು ದಡದ ಕಡೆ ಕರೆದೊಯ್ದಳು. ಸಾಲ್ತನತ್ ಜೊತೆಗಿದ್ದಳು.

"ಅಣ್ಣ, ಬಲಭುಜ ಯಾವಾಗಿಂದ ನೋವು?"

ಅವರು ಸಾಲ್ತನತ್‌ಳ ಕಡೆ ನೋಡಿದರು.

"ಮೆಲಿಸ್ ಕದ್ದಿದ್ರೆ ಬಳೆಯನ್ನ ಕಾರಿನಡಿ ಎಸೀತಿದ್ದ. ಅದರ ಮೇಲೆ ಚಹಾ ಇಡೋನು ಬಿಳಿ ಬಟ್ಟೆ ಸುತ್ತಲ್ಲ. ಸುತ್ತಿದೋರು ಗುಡಾರದಲ್ಲಿ ಬೆಳೆದೋರು. ಅಂಥೋರು ಬಳೆಯನ್ನ ಎಲ್ಲಕ್ಕಿಂತ ಮೇಲೆ, ರಜಾಯಿಗಳ ಮೇಲಿಡಬೇಕಿತ್ತು. ಸೊಂಟದೆತ್ತರದಲ್ಲಿ ಇಟ್ರು. ಹತ್ತು ಕಿಲೋ ಬಳೆ, ಭುಜ ನೋವಿರೋರ ಇಳಿಬಿಟ್ಟ ಕೈಯಲ್ಲಿ ಬರುತ್ತೆ. ಮೇಲಕ್ಕೆ ಏರಲ್ಲ."

"ಅಷ್ಟಕ್ಕೇ ನಾನು ಅಂದ್ಯಾ?"

"ಇಲ್ಲ. ಓಮಿನ್ ಹೇಳುವಾಗ ಎಲ್ಲರ ಕೈಯೂ ಮುಖಕ್ಕೆ ಹೋಯ್ತು. ನಿಮ್ಮ ಮುಖ ಬಗ್ಗಿ ಕೈಗೆ ಬಂತು."

ತುರ್ದಾಲಿ ನೀರಿನ ಕಡೆ ತಿರುಗಿದರು.

"ನಿನ್ನೆ ಸಂಜೆ ನಿಯಮದ ಹಾಳೆ ಅಂಟಿಸಿದ್ರು," ಎಂದರು. "ತಂಡದ ಹಿರಿಯನೇ ಕವಲುಗೋಲಿಂದ ಬಳೆ ಎತ್ತಬೇಕು ಅಂತ. ನಿರ್ದೇಶಕರ ಎದುರು ಕೈ ಎತ್ತಕ್ಕಾಗದಿದ್ರೆ, ನಾಳೆನೇ ಪಿಂಚಣಿ ಕಾಗದ ಕೊಡ್ತಾರೆ. ಪಂದ್ಯ ನಿಂತ್ರೆ ಸಾಕಿತ್ತು. ಈ ಹುಡುಗಿ ಕೆಲಸ ಹೋಗುತ್ತೆ ಅಂತ ಬೆಳಿಗ್ಗೆ ಗೊತ್ತಾಯ್ತು. ಆಮೇಲೆ ಬಾಯಿ ಬರಲಿಲ್ಲ."

ಸಾಲ್ತನತ್‌ಳ ಮುಖ ಕೆಂಪಾಗಿತ್ತು. "ಹಿರಿಯರಿಗೆ ಗೌರವ ಅಂತ ಆ ನಿಯಮ ಬರೆದೆ. ಆಗುತ್ತಾ ಅಂತ ಒಬ್ರನ್ನೂ ಕೇಳಲಿಲ್ಲ. ಒಂದು ಮಾತು ಹೇಳಬಾರದಿತ್ತಾ ಅಣ್ಣ?"

"ನಿನ್ನ ವಯಸ್ಸಿಗೆ ಅದು ಸುಲಭ ಕಣಮ್ಮ."

* * *

ತುರ್ದಾಲಿ ತಾವೇ ಅಬ್ದಿಲ್ಡಾ ಅವರ ಬಳಿ ಹೋಗಿ ಹೇಳಿದರು. ಐದು ನಿಮಿಷ ಮಾತಾಯಿತು. ಸಾಲ್ತನತ್ ನಿಯಮದ ಹಾಳೆಯಲ್ಲಿ ಒಂದು ಸಾಲು ಹೊಡೆದುಹಾಕಿ ಇನ್ನೊಂದು ಬರೆದಳು: ಹಿರಿಯರು ಒಳಗೆ ನಿಂತು ಹೇಗೆಂದು ಹೇಳಬೇಕು, ಕಿರಿಯರು ಎತ್ತಬೇಕು.

ಹತ್ತಕ್ಕೆ ಐದು ನಿಮಿಷವಿರುವಾಗ ಪಂದ್ಯ ಆರಂಭವಾಯಿತು. ಬಳೆ ಎತ್ತಿದವನು ಎಮಿಲ್. "ಎಡಕ್ಕೆ! ನಿನ್ನ ಎಡಕ್ಕಲ್ಲ ಕತ್ತೆ, ನನ್ನ ಎಡಕ್ಕೆ!" ಎಂಬ ತುರ್ದಾಲಿ ಅವರ ಕೂಗು ದಡದವರೆಗೂ ಕೇಳುತ್ತಿತ್ತು. ಮೆಲಿಸ್ ಸ್ಪೀಕರ್‌ಗಳನ್ನು ಕಾರಿಗೆ ತುಂಬಿದ.

ನೀಲಿ ತಂಡ ಆರು ನಿಮಿಷ ತಡವಾಗಿ ಮುಗಿಸಿ ಸೋತಿತು. ಉಳಿದ ನಾಲ್ಕು ಸಭೆಗಳು ಸಾಲ್ತನತ್‌ಗೆ ಸಿಕ್ಕವು. ತುರ್ದಾಲಿ ಸೆಪ್ಟೆಂಬರ್‌ನಲ್ಲಿ ಭುಜಕ್ಕೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ನವೆಂಬರ್‌ನಲ್ಲಿ ಉಗ್ರಾಣಕ್ಕೆ ಮರಳಿದರು.