ಬಕೆಟ್ಟು ನೋಡದ ಹಕ್ಕಿ

ಗ್ರೀಸಿನ ಕೆರ್ಕಿನಿ ಕೆರೆದಂಡೆಯ ಪೊಲೀಸ್ ಠಾಣೆಯ ಇತಿಹಾಸದಲ್ಲಿ, ಅಂಗೈಯಗಲದ ಒಂದು ಪ್ಲಾಸ್ಟಿಕ್ ಮುಚ್ಚಳವನ್ನು ಮೂವರು ಸರಕಾರಿ ನೌಕರರು ಸರದಿಯ ಮೇಲೆ ಮೂಸಿ ನೋಡಿ ತಮ್ಮ ಅಭಿಪ್ರಾಯವನ್ನು ಸಹಿ ಸಮೇತ ದಾಖಲಿಸಿದ್ದು ಒಮ್ಮೆ ಮಾತ್ರ. ಮುಂದಿನ ತಲೆಮಾರಿನ ಪೊಲೀಸರಿಗೆ ಉಪಯೋಗವಾದೀತೆಂದು ಆ ಗಂಭೀರ ಸಂಗತಿಯನ್ನು ಇಲ್ಲಿ ಕ್ರಮವಾಗಿ ಹೇಳಲಾಗಿದೆ.

ಫೆಬ್ರವರಿ ಹನ್ನೊಂದು, ಮಂಗಳವಾರ, ಮಧ್ಯಾಹ್ನ ಎರಡೂವರೆಗೆ ಅಥೆನ್ಸಿನ ದಂತವೈದ್ಯ ಫೋಕಿಯೋನ್ ದೆಲ್ಲಾಪೋರ್ತಾ ಠಾಣೆಗೆ ಬಂದರು. ಹೆಜ್ಜಾರ್ಲೆ ಹಕ್ಕಿಗಳ ಫೋಟೋ ತೆಗೆಯಲು ಬಂದಿದ್ದ ಅವರ ಆರುನೂರು ಮಿಲಿಮೀಟರಿನ ಲೆನ್ಸು ಕಳುವಾಗಿತ್ತು. ಇನ್ಸ್‌ಪೆಕ್ಟರ್ ಅನೆಸ್ತಿಸ್ ಕರಿಪಿಡಿಸ್ ಎಫ್‌ಐಆರ್ ಬರೆಯಲು ಕೂತರು.

“ಬೆಲೆ?”

“ಹದಿಮೂರು ಸಾವಿರ ಯೂರೋ.”

ಕಾನ್‌ಸ್ಟೇಬಲ್ ಪಾಸ್ಖಾಲಿಸನಿಗೆ ತನ್ನ ಕಾರು ನೆನಪಾಯಿತು. ಕಿಟಕಿಯಾಚೆ ನಿಂತಿದ್ದ ಅದನ್ನು ಒಮ್ಮೆ ನೋಡಿದ.

“ಎಲ್ಲಿಟ್ಟಿದ್ರಿ?”

“ದೋಣಿಕಟ್ಟೆ ಹತ್ರ ಹೋಟ್ಲಿದೆಯಲ್ಲ, ಅದರ ಹೊರಗಿನ ಬೆಂಚಿನ ಪಕ್ಕ. ನಾನು ಒಳಗೆ ಊಟಕ್ಕೆ ಕೂತಿದ್ದೆ.”

“ಹದಿಮೂರು ಸಾವಿರದ್ದನ್ನ ಹೊರಗೆ ಬಿಟ್ಟು?”

“ಒಳಗೆ ಒಲೆ ಉರೀತಿತ್ತು. ಚಳೀಲಿದ್ದ ಗಾಜನ್ನ ಒಮ್ಮೆಗೇ ಬೆಚ್ಚಗಿನ ಜಾಗಕ್ಕೆ ತಂದ್ರೆ ಹಬೆ ಕೂರುತ್ತೆ. ಹಕ್ಕಿ ಫೋಟೋದವರು ಯಾರೂ ಹಾಗೆ ಮಾಡಲ್ಲ.”

“ಅಂದ್ರೆ ಲೆನ್ಸು ಬೆವರಬಾರದು ಅಂತ.”

“ಹೂಂ.”

“ಕ್ಯಾಮೆರಾ?”

“ಅದನ್ನ ಬಿಟ್ಟು ಹೋಗಿದಾನೆ. ನನ್ನ ಟವೆಲ್ಲು ಹಾಸಿ, ಮಲಗಿಸಿ.” ದಂತವೈದ್ಯರ ದನಿಯಲ್ಲಿ ಸಿಟ್ಟಿಗಿಂತ ಅವಮಾನವೇ ಹೆಚ್ಚಿತ್ತು.

ಮೂರೂ ಹತ್ತಕ್ಕೆ ಸ್ಥಳ ಪಂಚನಾಮೆ ಆಯಿತು. ಕ್ಯಾಮೆರಾ ನಿಲ್ಲಿಸುವ ಮುಕ್ಕಾಲಿ ನಿಂತಲ್ಲೇ ನಿಂತಿತ್ತು. ಲೆನ್ಸು ಕಳಚಿದ ಕ್ಯಾಮೆರಾದ ಬಾಯಿಗೆ ಕಪ್ಪು ಮುಚ್ಚಳ ಹಾಕಿತ್ತು. ಬಾಯಿ ತೆರೆದಿಟ್ಟರೆ ಒಳಗಿನ ಕಣ್ಣಿಗೆ ಧೂಳು ಹಿಡಿಯುತ್ತದೆ ಎಂದು ದಂತವೈದ್ಯರು ವಿವರಿಸಿದರು. ಬಾಯಿ, ಮುಚ್ಚಳ ಇವು ಅವರ ಕಸುಬಿಗೂ ಹತ್ತಿರದ ಮಾತುಗಳು.

“ಮುಚ್ಚಳ ನಿಮ್ಮದಾ?”

“ಇಲ್ಲ. ನನ್ನದು ಇಲ್ಲಿದೆ.” ಅವರು ಚೀಲದಿಂದ ತೆಗೆದು ತೋರಿಸಿದರು.

ಕರಿಪಿಡಿಸ್ ಕ್ಯಾಮೆರಾದ ಮೇಲಿನ ಮುಚ್ಚಳ ಕಳಚಿ ಪಾಸ್ಖಾಲಿಸನಿಗೆ ಕೊಟ್ಟರು. ಮನೆ ದೋಚಿದವನು ಹೋಗುವಾಗ ಬಾಗಿಲಿಗೆ ಬೀಗ ಹಾಕಿಕೊಂಡು ಹೋದಂತಿತ್ತು. ಆ ಬೀಗವೂ ಅವನದೇ.

ಪಾಸ್ಖಾಲಿಸ್ ಮುಚ್ಚಳವನ್ನು ಮೂಗಿನ ಹತ್ತಿರ ತಂದು, ಮುಖ ಕಿವಿಚಿ ಇನ್ಸ್‌ಪೆಕ್ಟರಿಗೆ ದಾಟಿಸಿದ. ಅವರು ಮೂಸಿ, ಪಂಚರಾಗಿ ಬಂದಿದ್ದ ಮೀನುಗಾರಿಕೆ ಇಲಾಖೆಯ ಗಾರ್ಡಿಗೆ ಕೊಟ್ಟರು. ಗಾರ್ಡು ಕಣ್ಣು ಮುಚ್ಚಿ ಆಘ್ರಾಣಿಸಿದ.

“ಸಣ್ಣ ಮೀನು. ಬಲೆದಲ್ಲ, ಬಕೆಟ್ಟಿಂದು.”

ಬಕೆಟ್ಟು ಎಂದರೆ ಅಲ್ಲಿ ಎಲ್ಲರಿಗೂ ಗೊತ್ತು. ಚಳಿಗಾಲದಲ್ಲಿ ಹೆಜ್ಜಾರ್ಲೆಯ ಕೊಕ್ಕಿನ ಚೀಲ ಕಿತ್ತಳೆಗೆಂಪಿಗೆ ತಿರುಗಿದಾಗ ಊರೂರಿನ ಫೋಟೋದವರು ಬಂದು ದೋಣಿ ಹತ್ತುತ್ತಾರೆ. ದೋಣಿಯವನು ಬಕೆಟ್ಟಿನಿಂದ ಮೀನು ಎಸೆಯುತ್ತಾನೆ, ಹಕ್ಕಿಗಳು ಮುತ್ತಿಕೊಳ್ಳುತ್ತವೆ, ಫೋಟೋದವರು ಧನ್ಯರಾಗುತ್ತಾರೆ.

ಆದರೆ ದೋಣಿಯವನಿಗೆ ಲೆನ್ಸೇಕೆ? ಮಾರುವುದಾದರೆ ಕ್ಯಾಮೆರಾವನ್ನೂ ಒಯ್ಯುತ್ತಿದ್ದ. ಮರುದಿನ ಬೆಳಿಗ್ಗೆ ಕರಿಪಿಡಿಸ್ ಸೆರೆಸ್ ಪಟ್ಟಣದ ಕ್ಯಾಮೆರಾ ಅಂಗಡಿಗೆ ಹೋದರು. ಅಂಗಡಿಯಾಕೆ ಕನ್ನಡಕ ಏರಿಸಿ ಮುಚ್ಚಳವನ್ನು ತಿರುಗಿಸಿ ನೋಡಿದಳು, ಮೂಸಲಿಲ್ಲ.

“ನೀವು ಹೇಳಿದ ಡಾಕ್ಟರ್ ಕ್ಯಾಮೆರಾ ಕಂಪನೀದೇ. ಬೇರೆ ಕಂಪನೀದಕ್ಕೆ ಕೂರಲ್ಲ. ಕದ್ದವನ ಹತ್ರಾನೂ ಅದೇ ಕಂಪನಿ ಕ್ಯಾಮೆರಾ ಇರ್ಬೇಕು.”

“ಹಕ್ಕಿ ಫೋಟೋಕ್ಕೆ ಲೆನ್ಸು ಹ್ಯಾಗೆ ಆರಿಸ್ತಾರಮ್ಮ?”

“ಹಕ್ಕಿ ನಿಮ್ಮನ್ನ ಎಷ್ಟು ದೂರ ಇಡುತ್ತೆ, ಅದರ ಮೇಲೆ. ನಿಮ್ಮೂರಲ್ಲಿ ಮಡಿಲಿಗೇ ಬಂದು ಕೂರ್ತವೆ. ಇನ್ನೂರು ಮಿಲಿಮೀಟರು ಧಾರಾಳ. ರೆಕ್ಕೆ ಪೂರ್ತಿ ಹಿಡೀಬೇಕಾದ್ರೆ ಇನ್ನೂ ಚಿಕ್ಕದು. ಆರುನೂರು ತಗೊಂಡು ದೋಣಿ ಹತ್ತಿದ್ರೆ ಕಣ್ಣೊಂದೇ ಬರುತ್ತೆ.”

“ಮತ್ತೆ ಡಾಕ್ಟ್ರು ಯಾಕೆ ತಂದ್ರು?”

“ಅವರ ಹತ್ರ ಇತ್ತು, ಅದಕ್ಕೆ.”

“ಕದ್ದವನಿಗೆ ಯಾಕೆ?”

ಆಕೆ ಯೋಚಿಸಿದಳು. “ಹಕ್ಕಿಗೆ ತಾನಿರೋದು ಗೊತ್ತಾಗಬಾರದು ಅನ್ನೋನಿಗೆ ಅದು ಬೇಕು ಸಾರ್.”

“ಕೈಯಲ್ಲಿ ಹಿಡಿಯೋಕಾಗುತ್ತಾ? ಮುಕ್ಕಾಲಿ ಬಿಟ್ಟು ಹೋಗಿದಾನೆ.”

“ಐದು ನಿಮಿಷ ಹಿಡಿದ್ರೆ ಭುಜ ಬಿದ್ದು ಹೋಗುತ್ತೆ. ಮುಕ್ಕಾಲಿ ಇಲ್ಲದವರು ಕಾಳು ತುಂಬಿದ ದಿಂಬಿನ ಮೇಲೆ ಇಡ್ತಾರೆ. ಅಲ್ಲಾಡಲ್ಲ.”

ಹದಿಮೂರನೇ ತಾರೀಖು ಮಧ್ಯಾಹ್ನ ದೋಣಿಕಟ್ಟೆಯಲ್ಲಿ ವಿಚಾರಣೆ ನಡೆಯಿತು. ದೋಣಿಯವರಲ್ಲಿ ಹಿರಿಯನಾದ ಝಿಸಿಸ್ ಇರಲಿಲ್ಲ. ದಂತವೈದ್ಯರನ್ನು ಮಂಗಳವಾರ ಬೆಳಿಗ್ಗೆ ಕರೆದೊಯ್ದಿದ್ದವನು ಅವನೇ. ಅವನ ಜೊತೆಗಾರ ಕೋಸ್ಮಾಸ್ ಬಕೆಟ್ಟು ತೊಳೆಯುತ್ತಿದ್ದ.

“ಝಿಸಿಸ್ ಎಲ್ಲಿ?”

“ಬೆನ್ನು ನೋವಂತೆ. ಬೆನ್ನು ಅವನ್ದೇ, ನಂಗೇನ್ ಗೊತ್ತು.”

“ಅವನ ಹತ್ರ ಕ್ಯಾಮೆರಾ ಇದೆಯಾ?”

“ಇದೆ ಅಂದ್ರೆ ಇದೆ. ಹೋದ್ವರ್ಷ ಒಬ್ಬ ಡಚ್ಚಿನೋನು ದೋಣೀಲಿ ಲೆನ್ಸು ಬದಲಾಯಿಸೋಕೆ ಹೋಗಿ ಕೆರೆಗೆ ಹಾಕ್ದ. ಜೀವನವೇ ಬೇಡ ಅನ್ನಿಸಿ ಕ್ಯಾಮೆರಾನ ನಮ್ಮೋನ ಕೈಗೆ ಕೊಟ್ಟು ಹೋದ. ಕುದುರೆ ಸತ್ತ ಮೇಲೆ ಲಗಾಮು ದಾನ ಮಾಡ್ದಂಗೆ.”

“ಲೆನ್ಸಿಲ್ಲದ ಕ್ಯಾಮೆರಾದಲ್ಲಿ ಏನ್ಮಾಡ್ತಾನೆ?”

“ಒರೆಸ್ತಾನೆ.”

ಝಿಸಿಸನ ಮನೆಯಲ್ಲಿ ಅವನ ಹೆಂಡತಿ ಮೆರೋಪಿ ಪ್ರಶ್ನೆಗೆ ಕಾಯಲಿಲ್ಲ.

“ಬಂದ್ರಾ ಸಾಹೇಬ್ರೇ, ಒಳ್ಳೇದಾಯ್ತು. ನನ್ನ ಕಾಳು ವಾಪಸ್ ಕೊಡ್ಸಿ.”

“ಯಾವ ಕಾಳು?”

“ಈಸ್ಟರಿಗೆ ಮುಂಚಿನ ಉಪವಾಸದ ತಿಂಗಳಿಗೆ ಅಂತ ಇಟ್ಟಿದ್ದ ದೊಡ್ಡ ಬಿಳಿ ಕಾಳು. ನಾನು ಕಸೂತಿ ಹಾಕಿದ್ದ ದಿಂಬಿನ ಚೀಲಕ್ಕೆ ತುಂಬ್ಕೊಂಡು ಹೋಗಿದಾನೆ. ಅವನ ಕೆಂಪು ಕೋಟು ನೋಡಿ, ಅಲ್ಲೇ ನೇತಾಡ್ತಿದೆ. ನನ್ನ ತಮ್ಮನ ಹಸುರು ಕೋಟು ಹಾಕ್ಕೊಂಡಿದಾನೆ. ಯಾವಳೋ ಇದಾಳೆ ಅಂತ ನಂಗೂ ಅನ್ನಿಸ್ತು. ಆದ್ರೆ ಹೆಂಗಸಿನ ಹತ್ರ ಯಾವ ಗಂಡಸು ಕಾಳು ಹೊತ್ಕೊಂಡು ಹೋಗ್ತಾನೆ ಹೇಳಿ?”

ಪಾಸ್ಖಾಲಿಸ್ ಇನ್ಸ್‌ಪೆಕ್ಟರ ಮುಖ ನೋಡಿದ. ದಿಂಬಿನ ಸುಳಿವು ಸಿಕ್ಕಿತ್ತು.

“ಯಾವ ಕಡೆ ಹೋದ?”

“ಪೂರ್ವದ ಏರಿ. ದೋಣಿ ಹೋಗದ ಕಡೆ. ಮೀನಿನೋನಿಗೆ ಅಲ್ಲೇನು ಕೆಲಸ?”

ಪೂರ್ವದ ಏರಿಯ ಮೇಲೆ ಮರದ ವೀಕ್ಷಣಾ ಗೋಪುರವಿದೆ. ಅವರಿಬ್ಬರೂ ಅದರ ಮೆಟ್ಟಿಲು ಹತ್ತಿದ್ದು ಸಂಜೆ ನಾಲ್ಕೂವರೆಗೆ. ಮೇಲೆ, ಹಸುರು ಕೋಟಿನ ಝಿಸಿಸ್ ಹೊಟ್ಟೆಯ ಮೇಲೆ ಮಲಗಿದ್ದ. ಗುಲಾಬಿ ಕಸೂತಿಯ ದಿಂಬಿನ ಮೇಲೆ ದಂತವೈದ್ಯರ ಲೆನ್ಸು, ಅದರ ಹಿಂದೆ ಡಚ್ಚನ ಕ್ಯಾಮೆರಾ, ಅದರ ಹಿಂದೆ ಅವನ ಕಣ್ಣು.

“ಏಳು ಝಿಸಿಸ್.”

“ಮೆಲ್ಲಗೆ ಸಾಹೇಬ್ರೇ.” ಅವನು ಕಣ್ಣು ತೆಗೆಯಲಿಲ್ಲ.

“ಕೇಸಾದ್ರೆ ದೋಣಿ ಲೈಸೆನ್ಸು ಹೋಗುತ್ತೆ. ಗೊತ್ತಿದೆಯಾ?”

“ಗೊತ್ತಿದೆ.”

“ಒಂದಿನಕ್ಕೆ ಕೇಳಿದ್ರೆ ಡಾಕ್ಟ್ರು ಕೊಡ್ತಿದ್ರೇನೋ.”

“ಕೇಳ್ದೆ. ‘ನೀನು ಬಕೆಟ್ಟು ಹಿಡಿ ಮಾರಾಯ’ ಅಂದ್ರು.”

ಕೆಳಗೆ ಜೊಂಡು ಅಲುಗಿತು. ಕರಿಪಿಡಿಸ್ ಅವನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತರು. “ಯಾಕೆ ಬೇಕಿತ್ತು ನಿಂಗೆ? ದಿನಾ ಬೆಳಗಾದ್ರೆ ಹಕ್ಕಿಗಳ ಮಧ್ಯೆನೇ ಇರ್ತೀಯ. ಕೈ ಚಾಚಿದ್ರೆ ಸಿಗ್ತವೆ.”

“ಅದೇ ಸಾಹೇಬ್ರೇ. ಇಪ್ಪತ್ತು ಚಳಿಗಾಲ ಮೀನು ಎಸೆದಿದೀನಿ. ಒಂದೊಂದಕ್ಕೂ ನನ್ನ ಗುರುತಿದೆ. ಆದ್ರೆ ಅವು ನೋಡೋದು ನನ್ನ ಕೈಯನ್ನ. ಕೈ ಆ ಕಡೆ ಹೋದ್ರೆ ಕೊಕ್ಕು ಆ ಕಡೆ, ಈ ಕಡೆ ಬಂದ್ರೆ ಈ ಕಡೆ. ದೋಣಿಕಟ್ಟೇಲಿ ಕೆಂಪು ಕೋಟು ಕಂಡ್ರೆ ಸಾಕು, ಕೆರೆಯೆಲ್ಲ ಎದ್ದು ಬರುತ್ತೆ. ನಾನಿಲ್ಲದಾಗ ಅದು ಹ್ಯಾಗಿರುತ್ತೆ ಅಂತ ನಾನು ಒಂದ್ಸಲಾನೂ ನೋಡಿಲ್ಲ.”

“ಸಿಕ್ತಾ?”

“ನಿನ್ನೆ ಇಡೀ ದಿನ ಮಂಜು. ಇವತ್ತು ಎಲ್ಲಾ ಕೋಸ್ಮಾಸನ ಬಕೆಟ್ಟಿನ ಹಿಂದೆ. ಈಗ ಒಂದು ಬಂದಿದೆ.” ಅವನು ಪಕ್ಕಕ್ಕೆ ಸರಿದ. “ನೋಡಿ.”

ಕರಿಪಿಡಿಸ್ ಟೊಪ್ಪಿ ತೆಗೆದು ಬಗ್ಗಿದರು. ದೂರದಲ್ಲಿ, ನೀರಿನಲ್ಲಿ ಮುಳುಗಿದ ಮರದ ಬೊಡ್ಡೆಯ ಮೇಲೆ ಒಂಟಿ ಹೆಜ್ಜಾರ್ಲೆ. ತಲೆಯ ಮೇಲೆ ಕೆದರಿದ ಬಿಳಿ ಗುಂಗುರು. ಅದು ಎದೆಯ ಗರಿಗಳನ್ನು ಒಂದೊಂದಾಗಿ ಕೊಕ್ಕಿನಿಂದ ಎಳೆದು ನೇರ ಮಾಡಿತು. ಏನೋ ನೆನಪಾದಂತೆ ನಡುವೆ ನಿಲ್ಲಿಸಿತು, ಮತ್ತೆ ಮುಂದುವರಿಸಿತು. ಕತ್ತು ಮೇಲೆತ್ತಿ, ಕೊಕ್ಕಿನ ಚೀಲವೆಲ್ಲ ಒಳಹೊರಗಾಗುವಂತೆ ಉದ್ದಕ್ಕೆ ಆಕಳಿಸಿತು. ಅದರ ಸುತ್ತ ಯಾರೂ ಇರಲಿಲ್ಲ, ಅದಕ್ಕೆ ಯಾರೂ ಬೇಕಾಗಿಯೂ ಇರಲಿಲ್ಲ.

“ನೋಡ್ತಾ ಇದೆಯಾ ಸಾಹೇಬ್ರೇ? ನಮ್ಮ ಕಡೆ?”

“ಇಲ್ಲ.”

ಇನ್ಸ್‌ಪೆಕ್ಟರ್ ಎದ್ದು, ಟೊಪ್ಪಿ ಹಾಕಿಕೊಂಡು, ಕೆರೆಗೆ ಬೆನ್ನು ಮಾಡಿ ನಿಂತರು. ಪಾಸ್ಖಾಲಿಸ್ ಬಾಯಿ ತೆರೆಯುವಷ್ಟರಲ್ಲಿ ಅವನಿಗೆ ತುಟಿಯ ಮೇಲೆ ಬೆರಳಿಟ್ಟು ತೋರಿಸಿದರು. ತುಸು ಹೊತ್ತಾದ ಮೇಲೆ ಹಿಂದಿನಿಂದ ಕ್ಲಿಕ್ ಎಂಬ ಸದ್ದು ಬಂತು, ಒಂದೇ ಸಲ. ಬಂಧನ ನಾಲ್ಕು ಐವತ್ತಕ್ಕೆ ಎಂದು ದಾಖಲೆಯಲ್ಲಿದೆ. ನಡುವಿನ ಇಪ್ಪತ್ತು ನಿಮಿಷದ ಬಗ್ಗೆ ಪಂಚನಾಮೆ ಏನೂ ಹೇಳುವುದಿಲ್ಲ.

“ಹ್ಯಾಗೆ ಬಂದಿದೆ, ತೋರ್ಸು,” ಎಂದು ಪಾಸ್ಖಾಲಿಸ್ ಕೇಳಿದ.

“ಇದರ ಹಿಂದಿನ ಪರದೆ ಸತ್ತು ಹೋಗಿದೆ ಕಣಪ್ಪ. ಮನೇಲಿ ಮಗಳ ಕಂಪ್ಯೂಟರಿಗೆ ಹಾಕಿ ನೋಡ್ಬೇಕು,” ಎಂದ ಝಿಸಿಸ್. ಆಮೇಲೆ ತಾನು ಮನೆಗೆ ಹೋಗುತ್ತಿಲ್ಲವೆಂಬುದು ಹೊಳೆದು, ಕ್ಯಾಮೆರಾವನ್ನು ತಾನೇ ಆಫ್ ಮಾಡಿ, ಲೆನ್ಸು ಕಳಚಿ, ಖಾಲಿ ಬಾಯನ್ನು ಅಂಗೈಯಿಂದ ಮುಚ್ಚಿಕೊಂಡ. ಅವನ ಮುಚ್ಚಳ ಠಾಣೆಯಲ್ಲಿತ್ತು.

ದಿಂಬಿನ ಸಮೇತ ಎಲ್ಲವನ್ನೂ ವಶಪಡಿಸಿಕೊಳ್ಳಲಾಯಿತು. ವರದಿಯಲ್ಲಿ ಕಳವಿನ ಉದ್ದೇಶ ಬರೆಯುವ ಜಾಗದಲ್ಲಿ ಕರಿಪಿಡಿಸ್ ಬಹಳ ಹೊತ್ತು ಪೆನ್ನು ಹಿಡಿದು ಕೂತರು. ಕೊನೆಗೆ “ಆರೋಪಿಗೆ ಹಕ್ಕಿಯನ್ನು ನೋಡಬೇಕಿತ್ತು” ಎಂದು ಬರೆದರು. ಆರೋಪಿ ಹಕ್ಕಿಗಳ ದೋಣಿಯವನೇ ಆಗಿರುವುದರಿಂದ ಇದು ಅರ್ಥವಾಗುತ್ತಿಲ್ಲ, ವಿವರಿಸಿ ಎಂದು ಮೇಲಿನವರಿಂದ ಟಿಪ್ಪಣಿ ಬಂತು. ಕರಿಪಿಡಿಸ್ ವಿವರಿಸಲಿಲ್ಲ.

ದಂತವೈದ್ಯರಿಗೆ ಲೆನ್ಸು ಸಿಕ್ಕಿತು. ಮೆರೋಪಿಗೆ ಈಸ್ಟರ್ ಕಳೆದ ಮೇಲೆ ಕಾಳು ಸಿಕ್ಕಿತು. ನ್ಯಾಯಾಲಯ ಝಿಸಿಸನ ಲೈಸೆನ್ಸನ್ನು ಒಂದು ಚಳಿಗಾಲದ ಮಟ್ಟಿಗೆ ತಡೆಹಿಡಿಯಿತು. ಅದು ಮುಗಿದ ಮೇಲೆ ಅವನು ಕೆಂಪು ಕೋಟು ಹಾಕಿಕೊಂಡು ದೋಣಿಕಟ್ಟೆಗೆ ಹೋದ, ಹಕ್ಕಿಗಳು ಎದ್ದು ಬಂದವು.

ಕದ್ದ ಲೆನ್ಸಿನಿಂದ ತೆಗೆದ ಚಿತ್ರವಿರುವುದರಿಂದ ಝಿಸಿಸನ ಕ್ಯಾಮೆರಾದ ಮೆಮೊರಿ ಕಾರ್ಡನ್ನು ಹಿಂದಿರುಗಿಸಲು ಬರುವುದಿಲ್ಲ ಎಂದು ನ್ಯಾಯಾಲಯ ತೀರ್ಮಾನಿಸಿತು. ಅದು ಸೆರೆಸ್‌ನಲ್ಲಿ, ಮೊಹರು ಹಾಕಿದ ಲಕೋಟೆಯಲ್ಲಿದೆ.